ಬೇಲಿಯೊಳಗಿನ ಜಿಂಕೆಗಳು

ಹೊಳೆ ಎರಡಾಗಿ ಕವಲೊಡೆದು ಮತ್ತೆ ಕೂಡುವ ಕಡೆ ಒಂದು ನಡುಗಡ್ಡೆ. ಅದರ ಮೇಲೆ ಮರುಳಯ್ಯನವರ ಮಠ. ಮಠವೆಂದರೆ ಒಂದು ಗುಡಿಸಲು, ಅದರ ಮುಂದೊಂದು ಚಪ್ಪರ, ಅಷ್ಟೇ. ಗುರುಗಳ ಜೊತೆಗಿದ್ದವನು ಶಿಷ್ಯ ಕೇತಯ್ಯ ಒಬ್ಬನೇ. ಉಳಿದ ನೆಲವೆಲ್ಲ ಚುಕ್ಕೆಜಿಂಕೆಗಳದ್ದು.

ಬೇಸಿಗೆಯಲ್ಲಿ ಒಂದು ಮಗ್ಗುಲಿಗೆ ನೀರು ಇಳಿದು ಮರಳದಿಣ್ಣೆ ಏಳುತ್ತಿತ್ತು. ಅದೇ ದಾರಿಯಲ್ಲಿ ಆಚೆ ಕಾಡಿನಿಂದ ಸೀಳುನಾಯಿಗಳು ಬರುತ್ತಿದ್ದವು.

ಒಂದು ಬೇಸಿಗೆ ಮರುಳಯ್ಯನವರಿಗೆ ತಮ್ಮ ಗುರುಗಳು ಹಾಸಿಗೆ ಹಿಡಿದ ಸುದ್ದಿ ಬಂತು. ಸೇವೆಗೆಂದು ಹೊರಟು ನಿಂತರು.

“ಬರೋದು ತಡವಾಗಬಹುದು, ಕೇತಯ್ಯ.”

“ಅಲ್ಲೀವರೆಗೆ ನಾನೇನು ಮಾಡ್ಲಿ ಬುದ್ಧಿ?”

“ನೋಡ್ತಾ ಇರು.”

ಅವರು ಹೋದ ಕೆಲವೇ ದಿನಕ್ಕೆ ಸೀಳುನಾಯಿಗಳು ಒಂದು ಮರಿಯನ್ನು ನೀರಿಗೆ ಅಟ್ಟಿ ಹಿಡಿದವು. ಮರಿ ಇನ್ನೂ ಕೂಗುತ್ತಲೇ ಇತ್ತು, ಅವು ತಿನ್ನತೊಡಗಿದ್ದವು. ಕೇತಯ್ಯನ ಕೈಯಲ್ಲಿದ್ದ ಕೊಡ ಜಾರಿ ಒಡೆದುಹೋಯಿತು. ಅದು ಅವನಿಗೆ ಗೊತ್ತೂ ಆಗಲಿಲ್ಲ.

“ಇನ್ನು ಒಂದನ್ನೂ ಬಿಟ್ಟುಕೊಡಲ್ಲ” ಎಂದ ಗಟ್ಟಿಯಾಗಿ. ಕೇಳುವವರು ಯಾರೂ ಇರಲಿಲ್ಲ.

ಜಾಲಿಮುಳ್ಳು ಕಡಿದು ತಂದು ಮರಳದಿಣ್ಣೆಗೆ ಅಡ್ಡಲಾಗಿ ಆಳೆತ್ತರದ ಬೇಲಿ ಕಟ್ಟಿದ. ಪಕ್ಕದಲ್ಲಿ ಬೆಂಕಿ ಹಾಕಿ, ತಮಟೆ ಇಟ್ಟುಕೊಂಡು ಕೂತ. ನಾಯಿಗಳು ಆಚೆ ಸಿಳ್ಳೆ ಹಾಕುತ್ತ ಸುತ್ತಾಡಿದವು. ಆಮೇಲೆ ಬೇರೆ ದಿಕ್ಕು ಹಿಡಿದವು.

ಮಳೆಗಾಲ ಬಂತು. ಜಿಂಕೆಗಳು ಈದವು. ಒಂದು ಮರಿಯೂ ಸಾಯಲಿಲ್ಲ. ಮರು ವರ್ಷ ಆ ಮರಿಗಳೂ ಈದವು.

ಆಚೆ ದಡದವರು ನೋಡಲು ಬಂದರು. “ಎಂಥಾ ಕರುಣೆ ಸ್ವಾಮಿ ನಿಮ್ಮದು” ಎಂದು ಕೈಮುಗಿದರು. ಕೇತಯ್ಯ ಬೇಡ ಬೇಡ ಎಂದ. ಒಳಗೊಳಗೇ ಹಿಗ್ಗಿದ. ಪ್ರತಿ ಬೇಸಿಗೆ ಬೇಲಿಯನ್ನು ಇನ್ನಷ್ಟು ಬಿಗಿ ಮಾಡಿದ.

ಗುರುಗಳು ಬರಲಿಲ್ಲ. ಜಿಂಕೆಗಳು ಎಷ್ಟಾದವೆಂದರೆ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಒಂದು ವರ್ಷ ಹಿಂಗಾರು ಸರಿಯಾಗಿ ಬೀಳಲಿಲ್ಲ. ಹುಲ್ಲು ಮುಗಿಯಿತು. ಜಿಂಕೆಗಳು ಬೇರು ಕೆದರಿ ತಿಂದವು. ಮರದ ತೊಗಟೆ ಸುಲಿದವು. ಚಪ್ಪರದ ಗರಿ ಎಳೆದು ಅಗಿದವು. ಇವತ್ತು ನಾಳೆ ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೇತಯ್ಯ ಮೋಡ ನೋಡಿದ.

ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಯಾವ ಜಿಂಕೆಯೂ ಎದ್ದು ಪಕ್ಕಕ್ಕೆ ಸರಿಯಲಿಲ್ಲ.

ಮಲಗಿವೆ ಅಂದುಕೊಂಡ. ಒಂದನ್ನು ಮುಟ್ಟಿದ. ತಣ್ಣಗಿತ್ತು. ಪಕ್ಕದ್ದನ್ನು ಮುಟ್ಟಿದ. ಹೊಳೆಯಂಚಿನವರೆಗೂ ಹಾಗೇ ಬಿದ್ದಿದ್ದವು, ಮರಿಗಳೇ ಹೆಚ್ಚು. ಬದುಕಿದ್ದ ಒಂದು ಹೆಣ್ಣುಜಿಂಕೆ ಏನನ್ನೋ ಅಗಿಯುತ್ತ ನಿಂತಿತ್ತು. ಹತ್ತಿರ ಹೋಗಿ ನೋಡಿದ. ಅದರ ಬಾಯಲ್ಲಿ ಇನ್ನೊಂದು ಜಿಂಕೆಯ ಎಲುಬಿತ್ತು.

ಕೇತಯ್ಯ ಕೂಗಿಕೊಂಡ. ಜಿಂಕೆ ಬೆದರಲಿಲ್ಲ. ಬೆದರುವ ತ್ರಾಣವೂ ಅದಕ್ಕಿರಲಿಲ್ಲ.

ಒಳಗೆ ಓಡಿದ. ಮಠದ ಮಡಕೆಗಳಲ್ಲಿದ್ದ ರಾಗಿಯನ್ನೆಲ್ಲ ತಂದು ಅಂಗಳಕ್ಕೆ ಸುರಿದ. ಜಿಂಕೆಗಳು ಮುಗಿಬಿದ್ದವು. ಬಲವಾದವು ನುಗ್ಗಿದವು, ಮರಿಗಳು ಕಾಲಡಿ ಸಿಕ್ಕಿದವು. ಬಿಡಿಸಲು ಹೋದ ಅವನೂ ಬಿದ್ದ. ಆದರೂ ತಿಂದವಲ್ಲ ಎಂದು ಅತ್ತುಬಿಟ್ಟ.

ಮರುದಿನ, ಒಣಗಿದ ಹೊಟ್ಟೆಗೆ ಒಮ್ಮೆಲೇ ಕಾಳು ತುಂಬಿಕೊಂಡವೇ ಹೊಟ್ಟೆಯುಬ್ಬಿ ಸತ್ತುಬಿದ್ದಿದ್ದವು.

ಕೇತಯ್ಯ ಕುಕ್ಕರಿಸಿ ಕೂತ. ಹಸಿದವು ಸತ್ತವು, ಸರಿ. ಉಂಡವು ಯಾಕೆ ಸತ್ತವು? ಬುದ್ಧಿ ಓಡಲಿಲ್ಲ. ಕಾಗೆ ಹದ್ದುಗಳನ್ನು ಓಡಿಸುವುದನ್ನೂ ಬಿಟ್ಟ.

ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಮರಳದಿಣ್ಣೆಯ ಕಡೆಯಿಂದ ಯಾರೋ ಕರೆದರು.

“ಕೇತಯ್ಯ, ಬೇಲಿ ತೆಗೀಪ್ಪ.”

ಮರುಳಯ್ಯನವರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಮುಳ್ಳು ಸರಿಸಿದ. ಒಳಗೆ ಕಾಲಿಟ್ಟ ಗುರುಗಳು ಅಲ್ಲೇ ನಿಂತುಬಿಟ್ಟರು.

“ಒಂದನ್ನೂ ಕೊಲ್ಲೋಕೆ ಬಿಡಲಿಲ್ಲ ಬುದ್ಧಿ” ಎಂದ ಕೇತಯ್ಯ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ಒಂದನ್ನೂ!”

ಗುರುಗಳು ಬೇಲಿಯ ಒಳಮಗ್ಗುಲು ನೋಡುತ್ತಿದ್ದರು. ಮುಳ್ಳಿನ ತುಂಬ ಕೂದಲು. ಕೆಳಗೆ ಒಂದು ಗಂಡುಜಿಂಕೆ, ಕೊಂಬು ಮುಳ್ಳಿಗೆ ಸಿಕ್ಕಿ ಹಾಗೇ ಒಣಗಿಹೋಗಿತ್ತು.

“ಇದು ಎಲ್ಲಿಗೆ ಹೊರಟಿತ್ತು?”

ಕೇತಯ್ಯ ನೋಡಿದ. ಆಚೆ ದಡದಲ್ಲಿ ಕಾಡು ಇನ್ನೂ ಅಲ್ಲಲ್ಲಿ ಹಸಿರಾಗಿತ್ತು.

“ಒಂದು ಮರೀನ ಕೂಗ್ತಿರುವಾಗ್ಲೇ ತಿಂದ್ವು ಬುದ್ಧಿ. ನಾನು ನಾಯಿಗಳಿಗೆ ಅಂತ ಕಟ್ಟಿದ್ದು…”

“ಹೂಂ.”

ಗುರುಗಳು ಅವನ ಕೈಹಿಡಿದು ಒಂದು ಮರದ ಬಳಿಗೆ ಕರೆದೊಯ್ದರು. ಮೇಲೆ ಎಲೆಯಿತ್ತು. ಕೆಳಗೆ ಒಂದು ಎತ್ತರದವರೆಗೆ ಒಂದು ಚಿಗುರೂ ಇರಲಿಲ್ಲ. ನಡುಗಡ್ಡೆಯ ಅಷ್ಟೂ ಮರಗಳಲ್ಲಿ ಅದೇ ಎತ್ತರ, ದಾರ ಹಿಡಿದು ಗೆರೆ ಎಳೆದ ಹಾಗೆ.

“ಇಲ್ಲೀವರೆಗೆ ಯಾರ ಬಾಯಿ ಎಟುಕುತ್ತೆ?”

“ದೊಡ್ಡ ಗಂಡುಗಳದ್ದು. ಹಿಂಗಾಲ ಮೇಲೆ ನಿಂತ್ರೆ.”

“ಮರಿಗಳದ್ದು?”

ಕೇತಯ್ಯ ಮುಖ ಮುಚ್ಚಿಕೊಂಡ. ಇದೇ ಮರದ ಕೆಳಗೆ ದಿನವೂ ಕೂತಿದ್ದ. ಗೆರೆ ಕಂಡಿರಲಿಲ್ಲ.

“ನೀವಿದ್ದಿದ್ರೆ ತಡೀತಿದ್ರಿ ಬುದ್ಧಿ.”

“ಗೊತ್ತಿಲ್ಲ” ಎಂದರು ಮರುಳಯ್ಯನವರು. “ಆ ಮರಿ ಕೂಗಿದ್ದು ಕೇಳಿಸಿದ್ರೆ ನಾನೂ ದೊಣ್ಣೆ ಹಿಡೀತಿದ್ದೆನೋ ಏನೋ. ಗುದ್ದಲಿ ಎಲ್ಲಿದೆ?”

ಇಬ್ಬರೂ ಗುಂಡಿ ತೋಡಿದರು. ನೆಲ ಕಲ್ಲಾಗಿತ್ತು. ಮರಿಗಳನ್ನು ಎತ್ತಿದರೆ ಒಣಸೌದೆಯಷ್ಟು ಹಗುರ. ಹೂಳಿ ಮುಗಿಯಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಗುರುಗಳು ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಕೊನೆಯ ಗುಂಡಿ ಮುಚ್ಚಿದ ಮೇಲೆ ಕೇತಯ್ಯ ಕೇಳಿದ. “ಬೇಲಿ ಕಿತ್ತುಹಾಕ್ಲಾ?”

“ಕಟ್ಟುವಾಗ ನನ್ನ ಕೇಳಿದ್ಯಾ?”

ಅವನು ಎದ್ದು ಹೋಗಿ ಬರಿಗೈಯಲ್ಲಿ ಮುಳ್ಳು ಕಿತ್ತ. ಅಂಗೈ ರಕ್ತವಾಯಿತು. ಅಳಿದುಳಿದ ಕೆಲವು ಜಿಂಕೆಗಳು ತೂರಾಡುತ್ತ ದಿಣ್ಣೆ ದಾಟಿಹೋದವು. ಕೆಲವು ಹೋಗಲಾರದೆ ಇಲ್ಲೇ ಉಳಿದವು.

ಮಳೆ ಬಂತು. ಮೊದಮೊದಲು ಬರೀ ಕೆಸರು. ಹಿಡಿದುಕೊಳ್ಳಲು ಬೇರಿಲ್ಲದೆ ದಡ ಹೆಂಟೆ ಹೆಂಟೆಯಾಗಿ ಹೊಳೆಗೆ ಕುಸಿಯಿತು. ಬಹಳ ದಿನಗಳ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಮೊಳಕೆ ಕಂಡಿತು. ಮೇಯುವ ಬಾಯಿ ಕಡಿಮೆಯಿತ್ತು, ಅದು ಹುಲ್ಲಾಗಿ ಉಳಿಯಿತು.

ಮುಂದಿನ ಬೇಸಿಗೆಗೆ ಸೀಳುನಾಯಿಗಳು ಮರಳಿದವು.

ಕೇತಯ್ಯ ಚಪ್ಪರದಲ್ಲಿದ್ದ. ಹೊಳೆಯ ಕಡೆ ಜಿಂಕೆಯೊಂದು ಕೂಗಿತು. ಅದೇ ಕೂಗು. ಅವನು ಯೋಚಿಸುವ ಮೊದಲೇ ಕೈ ತಮಟೆ ಎತ್ತಿತ್ತು. ಕಾಲು ಅಂಗಳ ದಾಟಿತ್ತು.

ಅಲ್ಲಿ ನಿಂತ. ಮುಂದೆ ಹೋಗಲಾಗಲಿಲ್ಲ, ಹಿಂದೆ ಬರಲಾಗಲಿಲ್ಲ. ಕೂಗು ನಿಂತಿತು.

ಗುರುಗಳು ಬಂದು ಪಕ್ಕದಲ್ಲಿ ನಿಂತರು.

“ಇದನ್ನ ನೋಡ್ಕೊಂಡು ಸುಮ್ಮನಿರೋದೇ ಧರ್ಮವಾ ಬುದ್ಧಿ?” ಎಂದ ಕೇತಯ್ಯ. ಕಣ್ಣೀರು ಒರೆಸಿಕೊಳ್ಳಲಿಲ್ಲ. “ಜಿಂಕೆ ಕಡೆ ನಿಂತೆ, ಜಿಂಕೆಗಳನ್ನೇ ಕೊಂದೆ. ನಾಯಿ ಕಡೆ ನಿಲ್ಲೋಕೆ ನನ್ನ ಕೈಲಾಗಲ್ಲ. ನಾನು ಯಾರ ಕಡೆ ನಿಲ್ಲಲಿ, ಹೇಳಿ!”

ಮರುಳಯ್ಯನವರು ಅವನ ಕೈಯಿಂದ ತಮಟೆಯನ್ನು ಮೆಲ್ಲಗೆ ತೆಗೆದುಕೊಂಡರು.

“ಹುಲ್ಲಿನ ಕಡೆ ಯಾರೂ ಇಲ್ಲ, ಕೇತಯ್ಯ. ಅಲ್ಲಿ ನಿಲ್ಲು.”