ಸೋದರಮಾವನ ಹೆಸರು ಬಿಟ್ಟ ಲಗ್ನಪತ್ರಿಕೆ

"ಅಜ್ಜಾರ, ಮಠದ ಕಂಪ್ಯೂಟರಿಗೆ ಹಾಕಲು ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ. ಮನೆಯಲ್ಲಿ ಬಳಸುವವರಿಗೆ ಒಂದು, ಕಸುಬಿನವರಿಗೆ ಒಂದು, ದೊಡ್ಡ ಕಂಪನಿಯವರಿಗೆ ಒಂದು, ಹೀಗೆ ಮೂರು ನಮೂನೆ. ಯಾವುದು ತರಲಿ?" ಎಂದು ಶಿಷ್ಯ ಬಸಲಿಂಗ ಗುರುವನ್ನು ಕೇಳಿದ.

"ಕುಂಡ್ರು," ಎಂದ ಗುರು. "ಕಾಲು ಮಡಚಿ ಸರಿಯಾಗಿ ಕುಂಡ್ರು. ಎದ್ದು ಹೋಗುವ ಅವಸರ ಇದ್ದವರಿಗೆ ಈ ಕತೆ ದಕ್ಕುವುದಿಲ್ಲ."

ಒಂದು ಊರಿನಲ್ಲಿ ಒಬ್ಬ ಸಾಹುಕಾರನ ಛಾಪಖಾನೆ ಇತ್ತು. ಅಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುತ್ತಿದ್ದಳು. ಹನ್ನೆರಡು ವರ್ಷ ಪಳಗಿದ ಕೈ. ಊರಿನ ಮನೆಮನೆಯ ಪತ್ರಿಕೆಯೂ ಆ ಕಂಪ್ಯೂಟರಿನಲ್ಲಿತ್ತು. ಯಾರ ಹೆಸರಿನ ಮೇಲೆ ಯಾರ ಹೆಸರು ಬರಬೇಕು, ಯಾರನ್ನು ಬಿಟ್ಟರೆ ಯಾರು ಮುನಿಯುತ್ತಾರೆ, ಎಲ್ಲ ಅದರೊಳಗೆ. ಜನ ಬಂದು ಹೇಳುತ್ತಿದ್ದದ್ದು ಒಂದೇ ಮಾತು: "ಹಿರೇ ಮಗಳ ಪತ್ರಿಕೆ ಹಂಗೇ ಮಾಡವ್ವಾ, ಅಳಿಯನ ಹೆಸರಷ್ಟೇ ಬ್ಯಾರೆ."

ಹೊಸ ಸಿಸ್ಟಂ ಬಂತು. ಅದನ್ನು ಮಾರುವ ವರ್ತಕನೂ ಬಂದ. ಸಾಹುಕಾರ ಅವನಿಗೆ ಚಹಾ ತರಿಸಿದ. ಇಬ್ಬರೂ ಆಕೆಯ ಕುರ್ಚಿಯ ಹಿಂದೆ ನಿಂತು ಒಂದು ತಾಸು ಮಾತಾಡಿದರು. ಆಕೆಗೆ ಹೇಳಿದ್ದು ಇಷ್ಟೇ: "ಸ್ವಲ್ಪ ಏಳವ್ವಾ." ದೊಡ್ಡದರಲ್ಲಿ ಸಣ್ಣದು ಇದ್ದೇ ಇರುತ್ತದೆ ಎಂದು ಸಾಹುಕಾರ ದೊಡ್ಡ ಕಂಪನಿಯವರದನ್ನೇ ಹಾಕಿಸಿದ.

ಮರುದಿನ ಆಕೆ ಹಳೆಯ ಪತ್ರಿಕೆ ತೆರೆದಳು. ಅಕ್ಷರ ಇರಬೇಕಾದಲ್ಲಿ ಬರೀ ಚೌಕ, ಗೀರು. ಹನ್ನೆರಡು ವರ್ಷದ ಊರು ಒಂದು ರಾತ್ರಿಯಲ್ಲಿ ಅಳಿಸಿಹೋಗಿತ್ತು.

ಅದೇ ಹೊತ್ತಿಗೆ ಒಬ್ಬ ತಾಯಿ ಬಂದಳು. ಗಂಡ ತೀರಿದವಳು, ಓದು ಬಾರದವಳು. ಎರಡನೆಯ ಮಗಳ ಮದುವೆ. ಮೊದಲ ಪತ್ರಿಕೆಗೆ ಅರಿಷಿಣ ಹಚ್ಚಿ ಸಂಜೆಯೊಳಗೆ ಮನೆದೇವರ ಮುಂದೆ ಇಡಬೇಕು. ಹಿರಿಯ ಮಗಳ ಪತ್ರಿಕೆಯ ಒಂದು ಪ್ರತಿಯೂ ಮನೆಯಲ್ಲಿ ಉಳಿದಿರಲಿಲ್ಲ. "ನಿನ್ನ ಕಡೆ ಐತಲ್ಲ," ಎಂದು ಹೇಳಿ, ಅಳಿಯನ ಹೆಸರು ಕೊಟ್ಟು ನಡೆದುಬಿಟ್ಟಳು.

ಛಾಪಖಾನೆಯ ಹೆಣ್ಣುಮಗಳು ಸಾಹುಕಾರನ ಬಳಿ ಎರಡು ದಿನದ ವಾಯಿದೆ ಬೇಡಿದಳು. "ಇಷ್ಟು ದೊಡ್ಡದು ತಂದುಕೊಟ್ಟೀನಿ. ಇನ್ನೂ ಕೈ ಓಡದಿದ್ದರೆ ಅದು ಕೈಯ ದೋಷ," ಎಂದ ಅವನು.

ಆಕೆ ಅರವತ್ತು ಹೆಸರು ನೆನಪಿನಿಂದಲೇ ತೆಗೆದಳು. ಒಂದು ಜಾರಿತು. ಜಾರಿದ್ದು ಹುಡುಗಿಯ ಸೋದರಮಾವನದು. ಮದುಮಗಳನ್ನು ಹಂದರಕ್ಕೆ ಕರೆತರಬೇಕಾದವನದು. ಪತ್ರಿಕೆ ಊರೆಲ್ಲ ಹಂಚಿದ ಮೇಲೆ ಅದು ಗೊತ್ತಾಯಿತು.

ಆಕೆ ವರ್ತಕನನ್ನು ಬೀದಿಯಲ್ಲೇ ತಡೆದಳು. ಅವನು ನಕ್ಕು, "ಹಳೇ ಅಕ್ಷರ ಓದೋದು ಕಸುಬಿನವರದ್ರಾಗ ಇತ್ತವ್ವಾ. ದೊಡ್ಡದ್ರಾಗ ಅದನ್ನ ತೆಗೆದಾರ. ನೀ ಕೇಳಲೇ ಇಲ್ಲ," ಎಂದ.

"ನನ್ನ ಎಬ್ಬಿಸಿ ನಿಲ್ಲಿಸಿದವರು ನೀವು. ನೀವು ಕೇಳಿದಿರೇನಣ್ಣಾ?" ಎಂದಳು ಆಕೆ. ಅವನು ಗಾಡಿ ಚಾಲೂ ಮಾಡಿದ.

ಮುಂದೆ ಏನಾಯಿತು ಅಂತೀಯಾ? ಸೋದರಮಾವ ಬರಲಿಲ್ಲ. ಹುಡುಗಿಯನ್ನು ಹಂದರಕ್ಕೆ ತಂದದ್ದು ನೆರೆಮನೆಯ ಮುದುಕ. ಅವಳು ಅಕ್ಷತೆ ಬೀಳುವತನಕ ಬಾಗಿಲ ಕಡೆಗೇ ನೋಡುತ್ತಿದ್ದಳು. ತಾಯಿ ಇಂದಿಗೂ ತವರಿನ ಹೊಸ್ತಿಲು ದಾಟಿಲ್ಲ. ವರ್ತಕ ಅದೇ ಛಾಪಖಾನೆಗೆ ಕಸುಬಿನವರದನ್ನೂ ಮಾರಿದ, ಎರಡನೆಯ ಸಲ ಚಹಾ ಕುಡಿದ. ಸಾಹುಕಾರ ಆ ಕುರ್ಚಿಯಲ್ಲಿ ಬೇರೊಬ್ಬಳನ್ನು ಕೂರಿಸಿದ. ಅರವತ್ತು ಹೆಸರು ನೆನಪಿಟ್ಟವಳನ್ನು ಊರು 'ಹೆಸರು ನುಂಗಿದವಳು' ಎಂದು ಕರೆಯಿತು. ಆಕೆ ಈಗ ಸಂತೆಯಲ್ಲಿ ಬಳೆ ಮಾರುತ್ತಾಳೆ.

ಗುರುವಿನ ದನಿ ಗಡುಸಾಗಿತ್ತು. ಬಸಲಿಂಗ ಮೆಲ್ಲಗೆ, "ಹಾಗಾದರೆ ಕಸುಬಿನವರದನ್ನೇ ತರಲೇ ಅಜ್ಜಾರ?" ಎಂದ.

"ನಮ್ಮ ಕಂಪ್ಯೂಟರಿನ ಮುಂದೆ ದಿನಾ ಕೂರುವವಳು ನೀಲವ್ವ, ಅವಳನ್ನು ಕೇಳಿದೆಯೇನು?"

ಬಸಲಿಂಗ ಎದ್ದು ನೀಲವ್ವನನ್ನು ಕೇಳಲು ಹೊರಟ.