ಗೋಡೆ ಮತ್ತು ಹಿಂಬದಿಯ ದಾರಿ

“ಗುರುಗಳೇ, ಒಂದು ವರ್ಷ ಬೆಟ್ಟದ ಗವಿಯಲ್ಲಿ ಮೌನವಾಗಿದ್ದು ಬಂದವನು ನಾನು. ಒಂದು ಹೊತ್ತು ಉಂಡೆ, ಬರಿಯ ಕಲ್ಲಿನ ಮೇಲೆ ಮಲಗಿದೆ. ಅಷ್ಟು ಕಠಿಣವಾದುದನ್ನು ಮುಗಿಸಿದವನಿಗೆ ಇಷ್ಟು ಸುಲಭದ ಕೆಲಸವನ್ನು ಏಕೆ ಕೊಟ್ಟಿರಿ?”

ಹೀಗೆ ಕೇಳಿದವನು ಶಂಭುಲಿಂಗ. ಗವಿಯಿಂದ ಇಳಿದು ಬಂದಾಗ ಗುರುಗಳು ಇನ್ನೂ ದೊಡ್ಡದೊಂದು ವ್ರತವನ್ನು ಹೇಳಿಯಾರೆಂದು ಅವನು ಕಾದಿದ್ದ. ಅವರು ಅವನಿಗೆ ವಹಿಸಿದ್ದು ಮಠದ ಹಿರಿಯ ಸಾಧು ಗಂಗಾಧರಯ್ಯನವರ ಆರೈಕೆಯನ್ನು. ಲಕ್ವ ಹೊಡೆದು ಅವರ ಒಂದು ಮಗ್ಗುಲು ಬಿದ್ದುಹೋಗಿತ್ತು. ಅವರನ್ನು ಎತ್ತಿ ಕೂರಿಸಬೇಕು, ಮೈ ಒರೆಸಬೇಕು, ಗಂಜಿ ಕುಡಿಸಬೇಕು. ಕುಡಿಸಿದ್ದರಲ್ಲಿ ಅರ್ಧ ಹೊರಗೆ ಬರುತ್ತಿತ್ತು. ಆ ದಿನ ಬೆಳಿಗ್ಗೆ ಶಂಭುಲಿಂಗ ಅವರ ಮೇಲೆ ರೇಗಿದ್ದ. ರೇಗಿದ ದನಿ ಗುರುಗಳ ಕೋಣೆಯವರೆಗೂ ಕೇಳಿಸಿತ್ತು. ಅವರು ಆ ಮಾತನ್ನು ಎತ್ತಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡರು. ಪ್ರಾಯದಲ್ಲಿ ಉತ್ತರದ ಹಿಮದ ನಾಡುಗಳಲ್ಲಿ ಅಲೆದು ಬಂದವರು ಅವರು. ಅಲ್ಲಿ ಕೇಳಿದ ಒಂದು ಸಂಗತಿಯನ್ನು ಹೇಳತೊಡಗಿದರು.

ಆ ನಾಡಿನ ಜನ ಚಳಿಗಾಲದಲ್ಲಿ ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಹಿಮದ ಮೇಲೆ ಜಾರುತ್ತ ಇಳಿಯುತ್ತಾರೆ. ಅಲ್ಲಿಯ ಒಂದು ಊರಿಗೆ ಬೆಟ್ಟದ ನೆತ್ತಿಯಿಂದ ಎರಡು ಇಳಿಜಾರುಗಳಿದ್ದವು. ಒಂದು ಊರಿನ ಎದುರಿಗೇ ನಿಂತಿತ್ತು. ಅದನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು. ಕೆಳಗೆ ನಿಂತು ಅದರ ತುದಿಯನ್ನು ನೋಡಿದರೆ ಕತ್ತು ನೋಯುತ್ತಿತ್ತು. ಇನ್ನೊಂದು ಬೆಟ್ಟದ ಹಿಂಬದಿಯಿಂದ ಸುತ್ತಿ ಬರುವ ದಾರಿ. ಅದಕ್ಕೆ ಹೆಸರೇ ಇರಲಿಲ್ಲ. ಬೇಸಗೆಯಲ್ಲಿ ಮುದುಕರೂ ಕುರಿಮಂದೆ ಹೊಡೆದುಕೊಂಡು ಹೋಗುವವರೂ ಅದರಲ್ಲಿ ಓಡಾಡುತ್ತಿದ್ದರು.

ಆ ಊರಿನಲ್ಲಿ ಒಬ್ಬ ತರುಣನಿದ್ದ. ಗೋಡೆಯನ್ನು ಇಳಿಯಬಲ್ಲವನು ಅವನೊಬ್ಬನೇ. ಅವನು ಇಳಿಯುವ ದಿನ ಜನ ಮನೆಗಳ ಮೇಲೆ ಹತ್ತಿ ನಿಂತು ನೋಡುತ್ತಿದ್ದರು. ಎಷ್ಟೋ ಸಲ ಅವನು ನಡುವೆ ಆಯ ತಪ್ಪಿ ಬಿದ್ದದ್ದೂ ಉಂಟು. ಬಿದ್ದರೆ ಮೆತ್ತನೆಯ ಹಿಮದಲ್ಲಿ ಉರುಳುತ್ತ ಬಂದು ಕೆಳಗಿನ ಬಯಲಿನಲ್ಲಿ ನಿಲ್ಲುತ್ತಿದ್ದ. ಮೈ ಕೊಡವಿಕೊಂಡು ನಗುತ್ತ ಏಳುತ್ತಿದ್ದ. ಗೋಡೆ ಇಳಿದವನೆಂದೇ ಅವನಿಗೆ ಹೆಣ್ಣು ಕೊಡಲು ಒಬ್ಬರು ಮುಂದೆ ಬಂದಿದ್ದರು. ಜಗತ್ತಿನಲ್ಲಿ ತನಗೆ ಕಷ್ಟವಾದ ಇಳಿಜಾರು ಇನ್ನು ಉಳಿದಿಲ್ಲ ಎಂದು ಅವನು ನಂಬಿದ್ದ.

ಒಂದು ಮಧ್ಯಾಹ್ನ ಅವನು ಗೋಡೆಯನ್ನು ಇಳಿಯಲೆಂದು ನೆತ್ತಿಗೆ ಹತ್ತಿದ. ಅಲ್ಲಿ ಒಂದು ಬಂಡೆಯ ಮರೆಯಲ್ಲಿ ಒಬ್ಬ ವರ್ತಕ ಬಿದ್ದಿದ್ದ. ಆಚೆಯ ಸೀಮೆಯಿಂದ ಉಣ್ಣೆ ಹೇರಿಕೊಂಡು ಬಂದವನು. ಹೇಸರಗತ್ತೆ ಬೆದರಿ ಅವನನ್ನು ಕೆಡವಿ ಓಡಿಹೋಗಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ರಾತ್ರಿ ಅಲ್ಲಿಯೇ ಬಿಟ್ಟರೆ ಅವನು ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಊರಿಗೆ ಹೋಗಿ ಜನರನ್ನು ಕರೆತರುವಷ್ಟು ಹೊತ್ತು ಉಳಿದಿರಲಿಲ್ಲ.

ತರುಣ ತನ್ನ ಕಂಬಳಿಯಿಂದ ವರ್ತಕನನ್ನು ಬೆನ್ನಿಗೆ ಕಟ್ಟಿಕೊಂಡ. ವರ್ತಕ ತೆಳ್ಳಗಿನ ಆಳು, ಹೊರಲಾರದ ಭಾರವೇನಲ್ಲ. ಅಭ್ಯಾಸದಂತೆ ತರುಣ ಮೊದಲು ಗೋಡೆಯ ಅಂಚಿಗೆ ಹೋದ. ಊರಿನ ಮನೆಗಳು ಕಾಲ ಕೆಳಗೇ ಕಾಣುತ್ತಿದ್ದವು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಅಲ್ಲಿರಬಹುದಿತ್ತು. ಆದರೆ ಮುರಿದ ಕಾಲಿನವನನ್ನು ಕಟ್ಟಿಕೊಂಡು ಗೋಡೆಯ ಮೇಲೆ ಉರುಳುವ ಹಾಗಿರಲಿಲ್ಲ. ಅವನು ತಿರುಗಿ ಹಿಂಬದಿಯ ದಾರಿಯನ್ನು ಹಿಡಿದ. ಹೆದರಬೇಕಾದ್ದೇನೂ ಇಲ್ಲ, ಇದು ಕುರಿಗಳು ನಡೆಯುವ ದಾರಿ ಎಂದು ವರ್ತಕನಿಗೆ ಧೈರ್ಯ ಹೇಳಿದ.

ಚಳಿಗಾಲದಲ್ಲಿ ಅವನು ಆ ದಾರಿಯಲ್ಲಿ ಎಂದೂ ಇಳಿದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ನೆರಳು ಬೀಳುತ್ತಲೇ ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ಆಗಿತ್ತು. ದಾರಿ ಕಡಿದಾಗಿರಲಿಲ್ಲ, ಆದರೆ ಉದ್ದಕ್ಕೂ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಆ ಮಗ್ಗುಲಿನಲ್ಲಿ ಕೊರಕಲು, ಕೊರಕಲಿನ ತಳದಲ್ಲಿ ಹೊಳೆ. ಜಾರಿದರೆ ಉರುಳಿ ನಿಲ್ಲುವ ಬಯಲು ಅಲ್ಲಿರಲಿಲ್ಲ. ವೇಗ ಏರುವುದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಡೆಯುವುದು ಕಷ್ಟವಾಗುತ್ತಿತ್ತು. ಅವನು ಕೋಲನ್ನು ಹಿಂದಕ್ಕೆ ಊರಿ, ಮೈಯನ್ನೆಲ್ಲ ಬಿಗಿಹಿಡಿದು, ಇಂಚಿಂಚಾಗಿ ಇಳಿಯಬೇಕಾಯಿತು.

ಬೆನ್ನಿನ ಮೇಲಿದ್ದವನು ಸುಮ್ಮನಿರಲಿಲ್ಲ. ಕೊರಕಲು ಕಂಡಾಗಲೆಲ್ಲ ಬೆಟ್ಟದ ಕಡೆಗೆ ವಾಲುತ್ತಿದ್ದ. ಅವನು ವಾಲಿದ ಕೂಡಲೇ ಹಲಗೆಗಳು ಕೊರಕಲಿನ ಕಡೆಗೆ ಜಾರುತ್ತಿದ್ದವು. ಮೆಲ್ಲಗೆ ಹೋಗು ಎಂದು ಬೇಡುತ್ತಿದ್ದ, ಕಾಲು ಎಂದು ನರಳುತ್ತಿದ್ದ. ತರುಣ ಮೊದಮೊದಲು ಸಮಾಧಾನ ಹೇಳಿದ. ಆಮೇಲೆ ಉತ್ತರ ಕೊಡುವುದನ್ನು ಬಿಟ್ಟ. ಇದೇನು ದಾರಿ, ಇದೇನು ಇಳಿಯುವುದು ಎಂದು ಅವನಿಗೆ ಬೇಸರ ಬಂತು. ನೋಡುವವರಿಲ್ಲ, ಮುಗಿಯುವುದಿಲ್ಲ. ಬೇಸರ ಸಿಟ್ಟಾಯಿತು. ಇನ್ನೊಂದು ಸಲ ಮಿಸುಕಾಡಿದರೆ ಇಲ್ಲಿಯೇ ಬಿಚ್ಚಿಟ್ಟು ಹೋಗುತ್ತೇನೆ ಎಂದ.

ವರ್ತಕ ತಟ್ಟನೆ ಸುಮ್ಮನಾದ. ಉಸಿರನ್ನೂ ಬಿಗಿಹಿಡಿದು, ಮರದ ತುಂಡಿನ ಹಾಗೆ ಸೆಟೆದುಕೊಂಡ. ತರುಣ ಮುಂದಿನ ತಿರುವಿನಲ್ಲಿ ಮೈಯನ್ನು ಹೊರಳಿಸಿದಾಗ ಬೆನ್ನಿನ ಮೇಲಿದ್ದ ಮೈ ಹೊರಳಲಿಲ್ಲ. ಹಲಗೆಗಳು ಪಕ್ಕಕ್ಕೆ ಸರಿದವು. ಕೋಲು ಮುರಿಯಿತು. ಮುರಿದ ಕಾಲು ಬೆಟ್ಟದ ಮಗ್ಗುಲಿಗಿತ್ತು; ಆ ಕಡೆಗೆ ಬಿದ್ದರೆ ಅದರ ಮೇಲೆ ಇಬ್ಬರ ಭಾರವೂ ಬೀಳುತ್ತಿತ್ತು. ತರುಣ ಮುಂದಕ್ಕೆ, ಮುಖ ಅಡಿಯಾಗಿ ಬಿದ್ದ. ಎರಡೂ ಕೈಗಳಿಂದ ಮಂಜುಗಡ್ಡೆಯನ್ನು ಗೀರುತ್ತ ಜಾರಿದ. ಕೊರಕಲಿನ ಅಂಚಿನಲ್ಲಿ ಒಂದು ಕಲ್ಲಿನ ಮೂಲೆ ಕೈಗೆ ಸಿಕ್ಕಿತು. ಮಣಿಕಟ್ಟು ಲಟಕ್ಕೆಂದಿತು. ಅವನು ಕೈ ಬಿಡಲಿಲ್ಲ.

ಇಬ್ಬರೂ ಬಹಳ ಹೊತ್ತು ಹಾಗೆಯೇ ಬಿದ್ದಿದ್ದರು. ಕೆಳಗಿನಿಂದ ಹೊಳೆಯ ಸದ್ದು ಕೇಳುತ್ತಿತ್ತು. ವರ್ತಕ ಬೈದಾನು, ಇಲ್ಲವೇ ಅತ್ತಾನು ಎಂದು ತರುಣ ಕಾದ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ವರ್ತಕ ಮೊದಲು ಕೇಳಿದ್ದು, ನಿನಗೆ ಪೆಟ್ಟಾಯಿತೇ ಎಂದು. ಆಮೇಲೆ ಮೆಲ್ಲಗೆ ಹೇಳಿದ:

“ತಮ್ಮಾ, ನಾನು ಬೇಕೆಂದು ವಾಲಿದ್ದಲ್ಲ. ನನಗೆ ಮುಂದಿನ ದಾರಿ ಕಾಣುವುದಿಲ್ಲ, ನಿನ್ನ ಕತ್ತು, ಪಕ್ಕದ ಕೊರಕಲು ಮಾತ್ರ ಕಾಣುತ್ತವೆ. ತಿರುಗುವ ಮೊದಲು ಯಾವ ಕಡೆಗೆ ಎಂದು ಹೇಳು. ನಾನೂ ಅತ್ತಲೇ ವಾಲುತ್ತೇನೆ.”

ತರುಣನಿಗೆ ಆ ಚಳಿಯಲ್ಲಿಯೂ ಮುಖ ಬಿಸಿಯಾಯಿತು. ಅಷ್ಟು ದೂರ ಬಂದರೂ, ಒಂದು ತಿರುವನ್ನಾದರೂ ಮೊದಲೇ ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಗೋಡೆಯ ಮೇಲೆ ಅವನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

ಅವನು ಹಲಗೆಗಳನ್ನು ಬಿಚ್ಚಿ ಅಲ್ಲಿಯೇ ಬಿಟ್ಟ. ಮುರಿದ ಕೋಲಿನ ಚೂಪಿನಿಂದ ಮಂಜುಗಡ್ಡೆಯನ್ನು ಕುಟ್ಟಿ ಕಾಲಿಡಲು ಗುಳಿ ಮಾಡಿಕೊಳ್ಳುತ್ತ ನಡೆದ. ಎಡಕ್ಕೆ ಎಂದರೆ ವರ್ತಕ ಎಡಕ್ಕೆ ಬಾಗುತ್ತಿದ್ದ. ಈಗ ತಗ್ಗು, ಕಾಲು ನೋಯುತ್ತದೆ, ಹಲ್ಲು ಕಚ್ಚಿಕೋ ಎಂದರೆ ಕಚ್ಚಿಕೊಳ್ಳುತ್ತಿದ್ದ. ನಡುವೆ ವರ್ತಕನಿಗೆ ಜೊಂಪು ಹತ್ತಿತು. ನಿದ್ದೆ ಹೋದರೆ ಸಾವು ಎಂದು ತರುಣನಿಗೆ ಗೊತ್ತಿತ್ತು. ಅವನ ಮನೆಯ ವಿಚಾರ, ಮಕ್ಕಳ ವಿಚಾರ ಕೇಳುತ್ತ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತ ಅವನನ್ನು ಎಚ್ಚರವಾಗಿಟ್ಟ. ಹಿಮ ಬೀಳಲು ತೊಡಗಿದಾಗ ಊರಿನ ಮೊದಲ ಮನೆ ಸಿಕ್ಕಿತು.

ಜನ ಬಂದು ವರ್ತಕನನ್ನು ಬಿಚ್ಚಿ ಒಳಗೆ ಒಯ್ದರು. ಬೆನ್ನು ಬರಿದಾದ ಕೂಡಲೇ ತರುಣ ಹಿಮದಲ್ಲಿಯೇ ಕುಳಿತುಬಿಟ್ಟ. ಗೋಡೆ ಇಳಿದ ಯಾವ ದಿನವೂ ಹಾಗೆ ಆಗಿರಲಿಲ್ಲ. ಆ ಮನೆಯ ಯಜಮಾನ ಯಾವ ಕಡೆಯಿಂದ ಬಂದೆ ಎಂದು ಕೇಳಿದ. ಹಿಂಬದಿಯ ದಾರಿಯಿಂದ ಎಂದು ತರುಣ ಹೇಳಿದ. ಯಜಮಾನ ನಕ್ಕ. ಗೋಡೆಯನ್ನೇ ಇಳಿದವನಿಗೆ ಅದೇನು ದೊಡ್ಡದು ಎಂದು ಒಳಗೆ ಹೋದ. ತರುಣ ಅವನನ್ನು ಕರೆದು ತಿದ್ದಲು ಹೋಗಲಿಲ್ಲ.

ವರ್ತಕ ಬದುಕಿಕೊಂಡ. ಒಂದು ಕಾಲು ಎಳೆಯುತ್ತಲೇ ಮತ್ತೆ ಉಣ್ಣೆಯ ವ್ಯಾಪಾರಕ್ಕೆ ಬಂದ. ತರುಣನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಮರುವರ್ಷ ಅವನು ಮತ್ತೆ ಗೋಡೆಯನ್ನು ಇಳಿದ, ಜನ ಮತ್ತೆ ಮನೆಗಳ ಮೇಲೆ ನಿಂತು ಕೂಗಿದರು. ಅದನ್ನು ಹೊಗಳುವ ಮಾತು ಬಂದರೆ ಮಾತ್ರ ಅವನು ಬೇರೆ ಮಾತು ತೆಗೆಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕತೆ ತನ್ನ ಕಡೆಗೆ ಬರುತ್ತಿದೆ ಎಂದು ಶಂಭುಲಿಂಗನಿಗೆ ತಿಳಿದಿತ್ತು. ಆದರೂ ವಾದವನ್ನು ಬಿಡಲು ಮನಸ್ಸಾಗಲಿಲ್ಲ.

“ಆ ದಿನ ದಾರಿ ಹೆಪ್ಪುಗಟ್ಟಿತ್ತು, ಅದರಿಂದ ಕಷ್ಟವಾಯಿತು. ಗೋಡೆಯೇ ಹೆಚ್ಚು ಕಡಿದು ಎಂಬುದಂತೂ ಸುಳ್ಳಲ್ಲವಲ್ಲ, ಗುರುಗಳೇ?”

“ಸುಳ್ಳಲ್ಲ,” ಎಂದರು ಗುರುಗಳು. “ಗವಿಯಲ್ಲಿ ನೀನು ಜಾರಿದ್ದರೆ, ನಿನ್ನೊಡನೆ ಬೀಳುವವರು ಯಾರಿದ್ದರು?”

ಶಂಭುಲಿಂಗ ಎದ್ದು ಗಂಗಾಧರಯ್ಯನವರ ಬಳಿಗೆ ಹೋದ; ಎತ್ತಿ ಕೂರಿಸುವ ಮೊದಲು, ಯಾವ ಮಗ್ಗುಲಿಗೆ ಹೊರಳಿಸುತ್ತೇನೆಂದು ಅವರಿಗೆ ಹೇಳಿದ.