ಚೊಂಬು ಖಾಲಿಯಾಗದೆ ದೋಣಿ ಇಲ್ಲ

ಹೂಂ ಅಂತಿರಬೇಕು ಮಗಾ, ಇಲ್ಲದಿದ್ರೆ ನಿಲ್ಲಿಸಿಬಿಡ್ತೀನಿ. ಒಂದಾನೊಂದು ಕಾಲದಲ್ಲಿ ಹೊಳೆ ಕಡಲು ಸೇರೋ ಕಡೆ, ನೀರಿನ ನಡುವೆ, ನಮ್ಮ ಕುದ್ರುವಿನಂಥದೇ ಒಂದು ಕುದ್ರು ಇತ್ತಂತೆ. ನೀರಿಗಿಂತ ಮೊಳದಷ್ಟೇ ಎತ್ತರ, ಓಡಿಹೋಗಿ ಹತ್ತೋಣ ಅಂದ್ರೆ ಒಂದು ದಿಬ್ಬ ಇಲ್ಲ, ಕುಡಿಯೋಕೆ ಇದ್ದದ್ದು ಒಂದೇ ಬಾವಿ. ಅಲ್ಲಿ ದುಗ್ಗಿ ಅಂತ ಒಬ್ಬಳು ಇದ್ದಳಂತೆ. ಆ ಕುದ್ರುವಿಗೆ ಯಾರೇ ಬರಲಿ, ಮೊದಲು ಬೆಲ್ಲ, ಆಮೇಲೆ ಒಂದು ಚೊಂಬು ನೀರು. ಚೊಂಬು ಖಾಲಿ ಮಾಡದ ನೆಂಟನನ್ನ ಅಂಬಿಗ ದೋಣಿ ಹತ್ತಿಸ್ತಿರಲಿಲ್ಲವಂತೆ, ಅದು ಅಲ್ಲಿಯ ಕಟ್ಟುಪಾಡು.

ಆಚೆ ದಡದಲ್ಲಿ ಒಬ್ಬ ರಾಜ. ಅವನಿಗೆ ಹಗಲೂ ರಾತ್ರಿ ಸಾವಿರ ಒಲೆ ಉರೀಬೇಕು, ಅವನ ಸ್ನಾನಕ್ಕೆ, ಆನೆ ಸ್ನಾನಕ್ಕೆ, ಸುಮ್ಮನೆ ನೋಡೋಕೂ. ಉರಿದು ಉರಿದು ಗಾಳಿ ಕಾದು, ಆಮೇಲೆ ಕಡಲು ಕಾದು, ಹಾಲಿನ ಹಾಗೆ ಉಕ್ಕಿತಂತೆ. ಉಕ್ಕಿದ್ದು ರಾಜನ ಉಪ್ಪರಿಗೆಗೆ ಹೋಯ್ತಾ? ಇಲ್ಲ. ಗಂಜಿಗೆ ಬಿಟ್ಟು ಇನ್ಯಾವುದಕ್ಕೂ ಒಲೆ ಹಚ್ಚದ ದುಗ್ಗಿಯ ಬಾವಿಗೇ ಬಂತಂತೆ, ನೀರೆಲ್ಲ ಉಪ್ಪಾಯ್ತಂತೆ. ಹೇಳುವಾಗಲೇ ನನ್ನ ಹೊಟ್ಟೆ ಉರೀತದೆ.

ದುಗ್ಗಿ ಮೂರು ಸಲ ಅರಮನೆಗೆ ಹೋದಳಂತೆ. ಮೊದಲ ಸಲ ರಾಜ ಗೋಡೆ ಕಟ್ಟಿಕೊಳ್ಳಿ ಅಂತ ಕಲ್ಲು ಕೊಟ್ಟ, ಉಪ್ಪುನೀರು ಮರಳಿನ ಅಡಿಯಿಂದ ಬಂತು. ಎರಡನೇ ಸಲ ದೋಣಿಯಲ್ಲಿ ಸಿಹಿನೀರು ಕಳಿಸ್ತೀನಿ ಅಂದ, ಗಾಳಿಮಳೆಗೆ ಎಂಟು ದಿನ ದೋಣಿಯೇ ಬರಲಿಲ್ಲ. ಮೂರನೇ ಸಲ, ಕುದ್ರು ಬಿಟ್ಟು ಬನ್ನಿ, ಆನೆ ಲಾಯದ ಹಿಂದೆ ಜಾಗ ಇದೆ ಅಂದನಂತೆ! ಮುಖಕ್ಕೆ ಉಗಿಯೋಣ ಅನ್ನಿಸಿತು ದುಗ್ಗಿಗೆ. ಉಗೀಲಿಲ್ಲ. ಆಗಲಿ ಒಡೆಯಾ, ನಾವು ಹೊರಡೋ ಮುಂಚೆ ಒಂದು ಸಲ ನಮ್ಮಲ್ಲಿ ಬೆಲ್ಲ ನೀರು ತಗೊಂಡು ಹೋಗಿ, ದೋಣಿ ಚಿಕ್ಕದು, ಒಬ್ಬರೇ ಬನ್ನಿ ಅಂದಳಂತೆ.

ರಾಜ ಖುಷಿಯಾಗಿ ಬಂದ, ಚಾಪೆ ಮೇಲೆ ಕೂತ, ಬೆಲ್ಲ ತಿಂದ, ಒಂದು ಗುಟುಕು ಕುಡಿದು ಥೂ ಅಂತ ಉಗಿದನಂತೆ. ದೋಣಿ ತಾರೋ ಅಂದ. ಚೊಂಬು ಖಾಲಿಯಾಗಲಿ ಸ್ವಾಮಿ ಅಂದನಂತೆ ಅಂಬಿಗ. ಮೊದಲ ದಿನ ರಾಜ ಬೈದ, ಎರಡನೇ ದಿನ ಬಾಯೊಣಗಿ ಅತ್ತ, ಮೂರನೇ ದಿನ ಉಬ್ಬರದ ನೀರು ಅವನ ಚಾಪೆಗೇ ಬಂತು, ಆಮೇಲೆ ಎದ್ದು ನಿಂತು ಆಚೆ ದಡಕ್ಕೆ ಕೂಗಿದನಂತೆ, ಒಲೆ ಆರಿಸ್ರೋ, ನನ್ನದೂ ಆರಿಸಿ, ಆನೆದೂ ಆರಿಸಿ!

ಕಡಲು ಇಳಿದು ಬಾವಿ ಸಿಹಿಯಾಗೋಕೆ ಮೂರು ಮಳೆಗಾಲ ಬೇಕಾಯ್ತಂತೆ. ಅಲ್ಲಿವರೆಗೆ ರಾಜನೂ ಅವರ ಜೊತೆ ಮಾಡಿನಿಂದ ಸುರಿಯೋ ಮಳೆನೀರು ಹಿಡಿದಿಟ್ಟು ಕುಡಿದನಂತೆ. ಆಮೇಲೆ ಚೊಂಬು ಖಾಲಿ ಮಾಡಿ ದೋಣಿ ಹತ್ತಿದ, ದುಗ್ಗಿ ಅಲ್ಲೇ ಮಕ್ಕಳು ಮರಿ ಜೊತೆ ಸುಖವಾಗಿದ್ದಳು. ಅವರ ಕತೆ ಮುಗೀತು.

ಏನು, ನೀರು ಬೇಕಾ? ಬಾವೀದು ಬೇಡ ಮಗಾ, ಈ ಕೊಡದ್ದು ತಗೋ, ಎರಡೇ ಗುಟುಕು ಕುಡಿ. ಸಿಹಿನೀರಿನ ದೋಣಿ ಬಂದು ಐದು ದಿನ ಆಯ್ತು. ನಮ್ಮ ಚಾಪೆ ಮೇಲೆ ಇನ್ನೂ ಯಾವ ರಾಜನೂ ಬಂದು ಕೂತಿಲ್ಲ. ಬರಲಿ, ಬೆಲ್ಲ ತೆಗೆದಿಟ್ಟಿದ್ದೀನಿ.